ಬಾಯ್ಲರ್ ನೀರು ಎಲ್ಲಿ ಹೋಯ್ತು?

"ಮತ್ತೆ ಸೊನ್ನೆ!" ಅಡುಗೆಮನೆಯಿಂದ ಅಪ್ಪ ಕೂಗಿದ. "ಇಪೆಕ್, ಬಾ ಇಲ್ಲಿ. ನಿನ್ನ ಪ್ರತಾಪ ನೋಡು ಬಾ."

ಇಪೆಕ್ ಹೋಗಿ ನೋಡಿದಳು. ಗೋಡೆಯ ಬಾಯ್ಲರ್‌ನಲ್ಲಿ ಪ್ರೆಶರ್ ತೋರಿಸುವ ಮುಳ್ಳು ಸೊನ್ನೆಯ ಮೇಲೆ ಮಲಗಿತ್ತು. ಅದರ ಬಿಸಿನೀರು ಹರಿದು ಕೋಣೆ ಕೋಣೆಯನ್ನು ಬೆಚ್ಚಗಿಡುವ ರೇಡಿಯೇಟರ್‌ಗಳೂ ತಣ್ಣಗಾಗಿದ್ದವು. ಎಸ್ಕಿಶೆಹಿರ್ ಊರಿನ ಚಳಿಯಲ್ಲಿ ಮನೆಮಂದಿಯೆಲ್ಲ ಒಳಗೂ ಕೋಟು ಹಾಕಿಕೊಂಡಿದ್ದರು.

"ಬಿಸಿಯಾದ್ರೆ ಸೋರುತ್ತೆ, ಬೆಳಿಗ್ಗೆ ನೋಡಿದ್ರೆ ಪ್ರೆಶರ್ರೇ ಇಲ್ಲ. ಎಲ್ಲಾ ನೀನು ಚೆಂಡು ಒದ್ದು ಇದಕ್ಕೆ ಬಡಿದಾಗಿನಿಂದ!"

"ಅದಕ್ಕೆ ಮುಂಚೆನೂ ಸೋರ್ತಿತ್ತಪ್ಪಾ!"

"ಶನಿವಾರ ರಿಪೇರಿ ಮೇಸ್ತ್ರಿ ಸಾಲಿಹ್ ಉಸ್ತಾ ಬರ್ತಾರೆ. ಚೆಂಡಿನ ಏಟಿಂದ ಕೆಟ್ಟಿದೆ ಅಂದ್ರೋ, ಚೆಂಡು ಸೀದಾ ಓರ್ಕುನ್ ಪಾಲು."

ಓರ್ಕುನ್ ಅತ್ತೆಯ ಮಗ. ಚೆಂಡು ಹತ್ತಿರ ಬಂದರೆ ಕಣ್ಣು ಮುಚ್ಚಿಕೊಳ್ಳುವ ವೀರ. ಅವನ ಕೈಗೆ ಆ ಚೆಂಡು! ಇಪೆಕ್‌ಗೆ ಹೊಟ್ಟೆ ಉರಿಯಿತು. ಏಳು ದಿನದಿಂದ ಚೆಂಡು ಬೀರುವಿನ ಮೇಲೆ ಸೆರೆಯಲ್ಲಿತ್ತು. ಶಾಲೆ ಬಿಟ್ಟು ಬಂದು ಸುಮ್ಮನೆ ಕೂತು ಕೂತು ಅವಳ ಕಾಲು ಜೋಮು ಹಿಡಿದಿತ್ತು.

ಬಾಯ್ಲರ್ ವಿಷಯದಲ್ಲಿ ಅಪ್ಪನಿಗೆ ಬರುತ್ತಿದ್ದುದು ಎರಡೇ ವಿದ್ಯೆ. ಒಂದು, ಬೈಯುವುದು. ಇನ್ನೊಂದು, ಅಡಿಯ ಕಪ್ಪು ನಲ್ಲಿ ತಿರುಗಿಸಿ ನೀರು ತುಂಬುವುದು. ಎರಡನ್ನೂ ಧಾರಾಳವಾಗಿ ಮಾಡಿದ. "ಸ್ವಲ್ಪ ಜಾಸ್ತೀನೇ ಇರ್ಲಿ, ನಾಳೆವರೆಗೂ ಬರುತ್ತೆ" ಎಂದು ಮುಳ್ಳನ್ನು ಕೆಂಪು ಗೆರೆಯ ಹತ್ತಿರಕ್ಕೆ ತಂದು ನಿಲ್ಲಿಸಿದ. ನೀರು ಕಾಯುತ್ತಿದ್ದಂತೆ ಅಡಿಯಿಂದ ಟಪ್ ಟಪ್ ಶುರುವಾಯಿತು. ಅಮ್ಮ ಪಾತ್ರೆ ತಂದು ಇಟ್ಟಳು.

ಇಪೆಕ್ ತಾನೇ ಪತ್ತೇದಾರಿಕೆಗೆ ಇಳಿದಳು. ಮಲಗುವಾಗ ಮುಳ್ಳು ನೋಡಿದಳು: ಎರಡು. ಮರುದಿನ ಆರು ಗಂಟೆಗೇ ಎದ್ದು ನೋಡಿದಳು: ಆಗಲೂ ಎರಡೇ! ಹಲ್ಲುಜ್ಜಿ, ಬ್ಯಾಗು ತುಂಬಿಕೊಂಡು ಬರುವಷ್ಟರಲ್ಲಿ ಸೊನ್ನೆ. ಕೆಳಗಿನ ಪಾತ್ರೆಯಲ್ಲಿ ಮಾತ್ರ ಒಂದು ಹೊಸ ಹನಿಯೂ ಇಲ್ಲ. ಹಾಗಾದರೆ ನೀರು ಹೋಗುತ್ತಿದ್ದುದು ಬೇರೆಲ್ಲೋ.

ಶನಿವಾರ ಬೆಳಿಗ್ಗೆ ಅವಳು ಕೋಣೆಗಳ ಬಾಗಿಲಿಗೆಲ್ಲ ಕಿವಿಗೊಟ್ಟಳು. ನೆಂಟರ ಕೋಣೆಯಿಂದ ಸುಸ್ಸ್ ಎಂಬ ಸದ್ದು! ಅದು ಹಬ್ಬಕ್ಕೆ, ನೆಂಟರಿಗೆ ಮಾತ್ರ ತೆರೆಯುವ ಕೋಣೆ. ಮಕ್ಕಳು ಅಲ್ಲಿ ಉಸಿರು ಬಿಟ್ಟರೂ ಅಮ್ಮ ಒರೆಸುತ್ತಿದ್ದಳು. ಇಪೆಕ್ ಮೆಲ್ಲಗೆ ಬಾಗಿಲು ತಳ್ಳಿದಳು.

ಒಳಗೆ ಅಜ್ಜಿ! ರೇಡಿಯೇಟರ್ ಮೂಲೆಯ ಸ್ಕ್ರೂ ಸಡಿಲಿಸಿ, ಬಕೆಟ್ ಹಿಡಿದು ಕೂತಿದ್ದಳು. ಮಸಿಯಂಥ ನೀರು ಬಕೆಟ್ಟಿಗೆ ಬೀಳುತ್ತಿತ್ತು.

"ಅಜ್ಜೀ, ಏನ್ ಮಾಡ್ತಿದೀಯ?"

"ಶ್! ಗಾಳಿ ತೆಗೀತಿದೀನಿ. ಒಳಗೆ ಗಾಳಿ ಸೇರ್ಕೊಂಡ್ರೆ ಇದು ಬಿಸಿ ಆಗಲ್ವಂತೆ. ವಾಚ್‌ಮನ್ ಹೇಳ್ಕೊಟ್ಟ."

"ಇದು ಗಾಳಿ ಅಲ್ಲ, ನೀರು!"

"ನೀರಾ ಇದು? ಕೊಚ್ಚೆ! ನಿಮ್ಮಮ್ಮ ಹೊರಗೆ ಫಳಫಳ ಅನ್ನೋ ಹಾಗೆ ಒರೆಸ್ತಾಳೆ. ಇದರ ಹೊಟ್ಟೆ ಯಾರು ತೊಳೀಬೇಕು? ತಿಳಿನೀರು ಬರೋವರೆಗೂ ಬಿಡೋಣ ಅಂತ. ತಿಂಗಳಾಯ್ತು, ಹಾಳಾದ್ದು ತಿಳಿ ಆಗ್ತಾನೇ ಇಲ್ಲ."

ಇಪೆಕ್‌ಗೆ ಕುಣಿಯಬೇಕು ಅನ್ನಿಸಿತು. ಚೆಂಡು ಉಳಿಯಿತು! ಅಪ್ಪನನ್ನು ಕೂಗಲು ಬಾಯಿ ತೆರೆದಳು.

"ನಿಮ್ಮಪ್ಪಂಗೆ ಹೇಳ್ಬೇಡ ಕಣೇ" ಅಂದಳು ಅಜ್ಜಿ. "ಇದಕ್ಕೂ 'ಕೂತ್ಕೊಳ್ಳಿ, ದಣೀಬೇಡಿ' ಅಂತಾರೆ. ಈ ಮನೇಲಿ ನನಗೆ ಅಂತ ಇರೋದು ಇದೊಂದೇ ಕೆಲಸ."

ಇಪೆಕ್ ಬಾಯಿ ಮುಚ್ಚಿದಳು. ಇಷ್ಟವಿಲ್ಲದೆಯೇ ಮುಚ್ಚಿದಳು.

ಸಾಲಿಹ್ ಉಸ್ತಾ ಬಂದರು. ಎರಡು ಲೋಟ ಟೀ ಕುಡಿದ ಮೇಲೆ ಬಾಯ್ಲರ್ ಬಿಚ್ಚಿ ನೋಡಿದರು. "ಇದು ಕಲ್ಲುಗುಂಡಿನ ಹಾಗಿದೆ. ಯಾರೋ ನೀರು ತೆಗೀತಿದಾರೆ, ಯಾರೋ ಕಂಠಮಟ್ಟ ತುಂಬ್ತಿದಾರೆ. ಹೆಚ್ಚಾಗಿದ್ದು ಸೇಫ್ಟಿ ವಾಲ್ವಿಂದ ಆಚೆ ಬರ್ತಿದೆ. ತುಂಬೋ ಮಹಾಶಯರು ಯಾರು?"

ಅಪ್ಪ ಸೀಲಿಂಗ್ ನೋಡಿದ.

"ತೆಗೆಯೋರು?"

ಅಪ್ಪನ ಕಣ್ಣು ಸೀಲಿಂಗಿನಿಂದ ನೇರ ಇಪೆಕ್ ಮೇಲೆ ಇಳಿಯಿತು. "ನೀನೇ ತಾನೆ? ಮುಗೀತು. ಆ ಚೆಂಡು ಮರೆತುಬಿಡು."

ಇಪೆಕ್ ಅಜ್ಜಿಯತ್ತ ನೋಡಲಿಲ್ಲ. ನೋಡಿದರೆ ಗುಟ್ಟು ರಟ್ಟಾಗುತ್ತಿತ್ತು. "ಹ್ಞೂಂ, ನಾನೇ" ಅಂದಳು.

ಅಜ್ಜಿ ಟೀ ಲೋಟವನ್ನು ಠಣ್ಣೆಂದು ಮೇಜಿನ ಮೇಲೆ ಕುಕ್ಕಿದಳು. "ಸುಳ್ಳು ಹೇಳ್ತಾಳೆ, ಮುಂಡೇದು! ನೀರು ಬಿಟ್ಟಿದ್ದು ನಾನು. ಬೈತೀಯೇನೋ? ಬೈ, ನೋಡೋಣ!"

ಅಪ್ಪನ ಕಣ್ಣು ಮತ್ತೆ ಸೀಲಿಂಗಿಗೆ ಹತ್ತಿತು. ಉಸ್ತಾ ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಜ್ಜೀ, ದಿನಾ ಹೊಸ ನೀರು ತುಂಬಿದ್ರೆ ಒಳಗೆ ತುಕ್ಕು ಹೆಚ್ಚುತ್ತೆ. ಜನ್ಮದಲ್ಲಿ ತಿಳಿ ಆಗಲ್ಲ! ನೀವು ಸ್ಕ್ರೂ ಮುಟ್ಬೇಡಿ, ನಿಮ್ಮ ಮಗ ನಲ್ಲಿ ಮುಟ್ಟೋದು ಬೇಡ."

"ಇನ್ನು ನೀವು ಆರಾಮಾಗಿ ಕೂತ್ಕೊಳ್ಳಿ ಅತ್ತೆ" ಎಂದು ಅಮ್ಮ ಪ್ರೀತಿಯಿಂದಲೇ ಹೇಳಿ, ಬಕೆಟ್ ಎತ್ತಿಕೊಂಡು ಹೋದಳು.

ಚೆಂಡು ಬೀರುವಿನಿಂದ ಕೆಳಗಿಳಿಯಿತು. ಬೀದಿಯಲ್ಲಿ ಗೆಳತಿಯರು ಆಗಲೇ ಸಿಳ್ಳೆ ಹಾಕುತ್ತಿದ್ದರು. ಇಪೆಕ್ ಒಂದು ಕೈಯಲ್ಲಿ ಚೆಂಡು, ಇನ್ನೊಂದರಲ್ಲಿ ಜರ್ಸಿ ಹಿಡಿದು ಬಾಗಿಲವರೆಗೆ ಓಡಿ, ಯಾಕೋ ತಿರುಗಿ ನೋಡಿದಳು.

ಅಜ್ಜಿ ಸೋಫಾದ ಅಂಚಿನಲ್ಲಿ, ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಹಾಗೆ ಕೂರುವುದು ಹೇಗಿರುತ್ತದೆಂದು ಇಪೆಕ್‌ಗೆ ಚೆನ್ನಾಗಿ ಗೊತ್ತಿತ್ತು. ತಾನು ಹಾಗೆ ಕೂತಿದ್ದು ಒಂಬತ್ತೇ ದಿನ.

ಇಪೆಕ್ ಬಾಗಿಲ ಮರೆಗೆ ಸರಿದು ಚೆಂಡನ್ನು ಕೆಳಗಿಟ್ಟಳು. ಜರ್ಸಿಯ ತೋಳನ್ನು ಎರಡೂ ಕೈಯಲ್ಲಿ ಹಿಡಿದು ಬಲವಾಗಿ ಎಳೆದಳು. ಹೊಲಿಗೆ ಪರ್ರ್ ಎಂದು ಬಿಟ್ಟುಕೊಂಡಿತು.

"ಅಜ್ಜೀ, ನೋಡಿಲ್ಲಿ, ತೋಳು ಕಿತ್ತೋಗಿದೆ. ಈಗಲೇ ಮ್ಯಾಚ್!"

"ಅಯ್ಯೋ, ನಾಯಿ ಎಳೆದ ಹಾಗಿದೆಯಲ್ಲೇ!" ಅಜ್ಜಿ ಎದ್ದೇಬಿಟ್ಟಳು. "ನನ್ನ ಕನ್ನಡಕ ಎಲ್ಲಿ? ಸೂಜಿ ದಾರ ತಗೊಂಬಾ. ಆ ಪಿಳ್ಳೆಗಳಿಗೆ ಹೇಳು, ಕಾಯ್ಲಿ ಅಂತ!"