ರೋಹಿದಾಸನ ನೂರ ತೊಂಬತ್ತು

ತೋಳಿಗೊಂದು, ಸೊಂಟಕ್ಕೊಂದು, ತೊಡೆಗೊಂದು ತೆಳುವಾದ ಪಟ್ಟಿ ಅಂಟಿಸಿಕೊಂಡು ಆ ಸಂಜೆಯೂ ಒಬ್ಬ ಹೊಸಬ ಬಂದು ರಾಡಿನ ಮುಂದೆ ನಿಂತ. ಖಾಲಿ ರಾಡನ್ನು ಒಮ್ಮೆ ಎತ್ತಿ ಇಳಿಸಿದ. ಅಷ್ಟು ಸಾಕು, ಗೋಡೆಯ ಪರದೆಯ ಮೇಲೆ ಎರಡು ಅಂಕಿಗಳು ಬೆಳಗಿದವು. ಮೇಲಿನದು ಅವನ ಇವತ್ತಿನ ಬಲ, ನೂರ ಹತ್ತು ಕಿಲೊ. ಕೆಳಗಿನದು ಈ ಜನ್ಮದಲ್ಲಿ ಎಷ್ಟು ಬೆವರು ಸುರಿಸಿದರೂ ಅವನು ದಾಟಲಾಗದ ಗಡಿ, ನೂರ ಹದಿನೆಂಟು. ಅವನು ಅದನ್ನು ನೋಡಿದ, ಪಟ್ಟಿ ಕಿತ್ತ, ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟ. ಎಂಟು ಕಿಲೊಗೋಸ್ಕರ ವರ್ಷಗಟ್ಟಲೆ ಯಾರು ಮೈ ಮುರಿಯುತ್ತಾರೆ ಹೇಳಿ!

ಮಲ್ಪೆ ಬಂದರಿನ ಹಿಂದಿನ ಆ ವ್ಯಾಯಾಮ ಶಾಲೆಯ ಮೂಲೆಯಲ್ಲಿ ನಿಂತು ವಾರಿಜ ಇದನ್ನು ನೋಡುತ್ತಿದ್ದಳು. ಪಟ್ಟಿಯನ್ನು ಕಂಡುಹಿಡಿದವಳು ಅವಳೇ. ಸ್ನಾಯು ಎಂದರೆ ಸಾವಿರಾರು ಎಳೆಗಳ ಕಟ್ಟು. ನಾವು ಎಷ್ಟೇ ಮುಕ್ಕಿರಿದರೂ ಮಿದುಳು ಅಷ್ಟೂ ಎಳೆಗಳನ್ನು ಕೆಲಸಕ್ಕೆ ಕರೆಯುವುದಿಲ್ಲ. ಎಲ್ಲಿ ಮೂಳೆ ಮುರಿದೀತೋ ಎಂದು ಹೆದರಿ ಒಂದಿಷ್ಟನ್ನು ಒಳಗೇ ಉಳಿಸಿಕೊಳ್ಳುತ್ತದೆ. ನರಗಳಲ್ಲಿ ಹರಿಯುವ ವಿದ್ಯುತ್ ಸಂದೇಶಗಳನ್ನು ಕದ್ದು ಕೇಳಿ, ಕರೆದ ಎಳೆಗಳೆಷ್ಟು, ಕರೆಯದೆ ಉಳಿದವೆಷ್ಟು ಎಂದು ಹೇಳುವುದು ಪಟ್ಟಿಯ ಕೆಲಸ.

ಅದನ್ನು ಅವಳು ಮಾಡಿದ್ದು ತಮ್ಮ ರೋಹಿದಾಸನಿಗಾಗಿ. ಐಸ್ ಪ್ಲಾಂಟಿನಲ್ಲಿ ದುಡಿಯುವ ಅವನ ಕುಡಿತದಿಂದ ಮನೆಯವರಿಗೆಲ್ಲ ಜೀವ ಸಾಕಾಗಿ ಹೋಗಿತ್ತು. ಒಂದು ದಿನ ವ್ಯಾಯಾಮ ಶಾಲೆಯ ಗುರು ಯಾದವಣ್ಣ ಅವನ ಅಂಗಿ ಹಿಡಿದು ಎಳೆದುತಂದು ರಾಡಿನ ಮುಂದೆ ನಿಲ್ಲಿಸಿದರು. ನೆಲದಲ್ಲಿರುವ ತೂಕವನ್ನು ಹಿಡಿದೆತ್ತಿ ನೆಟ್ಟಗೆ ನಿಲ್ಲುವ ಡೆಡ್‌ಲಿಫ್ಟ್ ಅವನಿಗೆ ಹಿಡಿಸಿತು. ತೂಕ ಏರುತ್ತಿರುವಷ್ಟು ಕಾಲ ಅವನು ಬಾಟಲಿಯ ಕಡೆ ತಿರುಗಿಯೂ ನೋಡಲಿಲ್ಲ. ಏರುವುದು ನಿಂತಿತೋ, ಮುಖ ಬಾಡಿತು. ಕಣ್ಣಿಗೆ ಕಾಣದ ಚೂರುಪಾರು ಏರಿಕೆಯನ್ನಾದರೂ ಕಾಣಿಸಿದರೆ ತಮ್ಮನ ಹುರುಪು ಉಳಿದೀತು ಎಂದು ವಾರಿಜ ಮೊದಲ ಅಂಕಿಯನ್ನು ಕಂಡುಹಿಡಿದಳು. ಹುರುಪು ಉಳಿಯಿತು ಕೂಡ. ಆಮೇಲೆ ಪಟ್ಟಿಯನ್ನು ತಯಾರಿಸಿ ಮಾರುವ ಕಂಪನಿಯವರು ಗಡಿಯನ್ನೂ ತೋರಿಸಿ ಎಂದರು. ತೋರಿಸಲು ಬರುವುದನ್ನು ತೋರಿಸದೆ ಸುಮ್ಮನಿರುವ ವಿಜ್ಞಾನಿ ಎಲ್ಲಿದ್ದಾನೆ? ತೋರಿಸಿದಳು.

ರೋಹಿದಾಸನ ಗಡಿ ಮೊದಲು ಬಂದದ್ದು ಅವಳ ಕಂಪ್ಯೂಟರಿಗೆ. ನೂರ ಎಂಬತ್ತು. ಅವನಾಗಲೇ ನೂರ ಎಪ್ಪತ್ತೆಂಟು ಎತ್ತುತ್ತಿದ್ದ. ಇನ್ನು ಎರಡೇ ಕಿಲೊ, ಆಮೇಲೆ? ವಾರಿಜ ಎಂಬತ್ತನ್ನು ಅಳಿಸಿ ತೊಂಬತ್ತು ಎಂದು ಬರೆದಳು. ಅಕ್ಕನಾದವಳು ಇನ್ನೇನು ಮಾಡಿಯಾಳು!

“ಅಕ್ಕಾ, ಇನ್ನೂ ಹನ್ನೆರಡು ಕಿಲೊ ಉಂಟು ನನ್ನೊಳಗೆ!” ಎಂದು ರೋಹಿ ಕುಣಿದಾಡಿದ್ದ.

ಮೊನ್ನೆ ಅವನು ನೂರ ಎಂಬತ್ತೇಳು ಎತ್ತಿದ. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರೆ ವಾರಿಜ ಮಾತ್ರ ಪರದೆಯನ್ನೇ ನೋಡುತ್ತ ನಿಂತಳು. ಅವಳ ಯಂತ್ರದ ಪ್ರಕಾರ ಅದು ಆಗಕೂಡದ ಕೆಲಸ. ಪಟ್ಟಿ ಮಾರುಕಟ್ಟೆಗೆ ಬಂದಂದಿನಿಂದ ಒಬ್ಬನೇ ಒಬ್ಬ ತನ್ನ ಗಡಿ ದಾಟಿಲ್ಲ, ನಮ್ಮದು ಅಷ್ಟು ನಿಖರ ಎಂದು ಕಂಪನಿ ಜಂಬ ಕೊಚ್ಚಿಕೊಳ್ಳುತ್ತಿತ್ತು. ಆಗ ಅವಳಿಗೆ ಹಳೆಯ ಪ್ರಯೋಗಗಳು ನೆನಪಾದವು. ಪರದೆ ಇನ್ನೂ ಬಂದಿರದ ಕಾಲದಲ್ಲಿ ಅವು ನಡೆದದ್ದು ಇದೇ ವ್ಯಾಯಾಮ ಶಾಲೆಯಲ್ಲಿ. ದೊಡ್ಡ ತೂಕದ ದಿನ ಯಾದವಣ್ಣ ರಾಡಿನ ಪ್ಲೇಟುಗಳ ಮೇಲೆ ಮೈ ಒರೆಸುವ ಬೈರಾಸು ಹೊದೆಸುತ್ತಿದ್ದರು. ಎಷ್ಟು ತೂಕವಿದೆ ಎಂದು ಎತ್ತುವವನಿಗೆ ಗೊತ್ತಾಗಕೂಡದು, ಅದು ಅವರ ರೂಢಿ. ಆಗ ಅರ್ಧಕ್ಕರ್ಧ ಜನ ಅವಳ ಕಂಪ್ಯೂಟರು ಹೇಳಿದ್ದ ಗಡಿ ದಾಟಿದ್ದರು! ಯಂತ್ರ ಇನ್ನೂ ಪಳಗಿಲ್ಲ, ಹಾಗಾಗಿ ತಪ್ಪು ಹೇಳುತ್ತಿದೆ ಎಂದುಕೊಂಡು ಆ ಲೆಕ್ಕವನ್ನೆಲ್ಲ ಅವಳೇ ಅಳಿಸಿಹಾಕಿದ್ದಳು.

ಯಂತ್ರ ಪಳಗಿರಲಿಲ್ಲ. ಜನ ಪಳಗಿದ್ದರು. ಪರದೆಯನ್ನು ಅವರ ಮಿದುಳೂ ಓದುತ್ತಿತ್ತು, ಓದಿ ಅಲ್ಲಿಗೇ ಎಳೆಗಳನ್ನು ಕರೆಯುವುದನ್ನು ನಿಲ್ಲಿಸುತ್ತಿತ್ತು.

ಇದನ್ನು ಊರಿಗೆಲ್ಲ ಹೇಳಲೇಬೇಕಿತ್ತು. ಕೈಯಲ್ಲಿ ಉಳಿದಿದ್ದ ಪುರಾವೆ ರೋಹಿ ಒಬ್ಬನೇ. ಪೇಪರಿನಲ್ಲಿ ಓದಿ ತಿಳಿಯುವುದಕ್ಕಿಂತ ತನ್ನ ಬಾಯಿಂದಲೇ ಕೇಳಲಿ ಎಂದು ಅವಳು ಇವತ್ತು ಬಂದಿದ್ದಳು. ಬೆಂಚಿನ ಮೇಲೆ ಕೂತಿದ್ದ ತಮ್ಮನ ಪಕ್ಕ ಹೋಗಿ ಕೂತಳು.

“ರೋಹಿ, ಒಂದು ವಿಷಯ ಹೇಳ್ಬೇಕು. ಬೇಜಾರು ಮಾಡ್ಬಾರ್ದು.”

“ಎಂತ ಅಕ್ಕ, ಪೀಠಿಕೆ ಎಲ್ಲ ಜೋರುಂಟು?”

“ನಿನ್ನ ನೂರ ತೊಂಬತ್ತು ಉಂಟಲ್ಲ, ಅದು ನಾನು ಬರೆದದ್ದು. ಮಿಷನ್ ಹೇಳಿದ್ದು ನೂರ ಎಂಬತ್ತು.”

ರೋಹಿ ನಕ್ಕ. “ಕುಶಾಲು ಮಾಡ್ಬೇಡ.”

“ಕುಶಾಲಲ್ಲ ಮಾರಾಯ! ನೀನು ಅದನ್ನು ದಾಟಿ ಆಯ್ತಲ್ಲ, ಮಿಷನ್ನೇ ಸುಳ್ಳು ಅಂತ ಆಯ್ತಲ್ಲ! ಗೆದ್ದದ್ದು ನೀನು.”

“ನೂರ ಎಂಬತ್ತಾ?” ಎಂದ ರೋಹಿ. ಅಕ್ಕ ಹೇಳಿದ್ದರಲ್ಲಿ ಅವನ ಕಿವಿಗೆ ಬಿದ್ದದ್ದು ಅದೊಂದೇ.

ಎದ್ದು ಹೋಗಿ ರಾಡಿಗೆ ನೂರ ಎಂಬತ್ತೆರಡು ಹಾಕಿದ. ಯಾದವಣ್ಣ ಬೈರಾಸು ಹಿಡಿದು ಬಂದರೆ, “ಬೇಡ ಅಣ್ಣ, ಕಾಣ್ಲಿ,” ಎಂದ. ಮೊದಲ ಸಲ ರಾಡು ಮೊಣಕಾಲಿನವರೆಗೆ ಬಂದು ಕೆಳಗೆ ಬಿತ್ತು. ಎರಡನೇ ಸಲ ಅಷ್ಟೂ ಬರಲಿಲ್ಲ. ಆಮೇಲೆ ಅವನು ಎಷ್ಟು ಹಲ್ಲು ಕಚ್ಚಿದರೂ ರಾಡು ನೆಲ ಬಿಟ್ಟು ಅಲುಗಲೇ ಇಲ್ಲ.

“ಮೊನ್ನೆ ಇದಕ್ಕಿಂತ ಹೆಚ್ಚು ಎತ್ತಿದ್ದು ನೀನೇ ಅಲ್ವನಾ!” ವಾರಿಜಳಿಗೆ ಅಳು ಬಂತು.

“ಮೊನ್ನೆ ನಂಗೆ ಗೊತ್ತಿರ್ಲಿಲ್ಲ.” ಅವನು ಅಂಗಿ ಹಾಕಿಕೊಂಡ. “ನೀನು ಹೇಳ್ಬಾರ್ದಿತ್ತು ಅಕ್ಕ. ಒಮ್ಮೆ ಸುಳ್ಳು ಹೇಳಿದ ಮೇಲೆ ಅದನ್ನೇ ಹೇಳ್ತಾ ಇರ್ಬೇಕಿತ್ತು.”

ಹೊರಗೆ ಹೋದವನು ಮನೆಯ ಕಡೆ ತಿರುಗಲಿಲ್ಲ, ಬಂದರಿನ ಕಡೆ ತಿರುಗಿದ. ಆ ರಸ್ತೆಯ ಕೊನೆಯಲ್ಲಿದ್ದದ್ದು ಅವನ ಹಳೆಯ ವೈನ್ ಶಾಪು. ವಾರಿಜ ಹಿಂದೆ ಓಡಲು ಹೊರಟಳು. ಯಾದವಣ್ಣ ತಡೆದರು.

“ನೀನು ಬೇಡ, ನಾನು ಹೋಗ್ತೇನೆ. ಈಗ ನಿನ್ನ ಮುಖ ಕಂಡ್ರೆ ಅವನಿಗೆ ಆ ನಂಬರೇ ಕಾಣ್ತದೆ.”

“ಎಲ್ಲ ಪಟ್ಟಿ ಸುಟ್ಟು ಹಾಕ್ತೇನೆ ಅಣ್ಣ! ನಾನೆಂಥ ಪಾಪದ ಕೆಲಸ ಮಾಡಿದೆ!”

“ಸುಡು. ಸುಟ್ರೆ ಮುಗೀತು ಅಂತ ಮಾತ್ರ ಗ್ರಹಿಸ್ಬೇಡ.” ಅವರು ಬಗ್ಗಿ ಚಪ್ಪಲಿ ಹುಡುಕಿದರು. “ಎರಡು ಸಾವಿರದ ಹತ್ತೋ ಹನ್ನೊಂದೋ, ನಾನು ಏಳನೇ ಕ್ಲಾಸು. ಆಗ ಈ ಪಟ್ಟಿಗಿಟ್ಟಿ ಎಂತದೂ ಇರ್ಲಿಲ್ಲ. ನಮ್ಮ ಲೆಕ್ಕದ ಮಾಸ್ಟ್ರು ಬೆನ್ನು ತಟ್ಟಿ ಹೇಳಿದ್ರು, ‘ಯಾದವ, ಇದು ನಿನ್ನ ಮಂಡೆಗೆ ಹೋಗೂದಿಲ್ಲ ಮಗಾ, ಸುಮ್ಮನೆ ಯಾಕೆ ಕಷ್ಟಪಡ್ತಿ’ ಅಂತ. ಪಾಪ, ಪ್ರೀತಿಯಲ್ಲೇ ಹೇಳಿದ್ದು. ಆಮೇಲೆ ನಾನು ಲೆಕ್ಕದ ಪುಸ್ತಕ ಬಿಡಿಸಿದ್ದಿಲ್ಲ.”

“ಅವರು ಹೇಳಿದ್ದು ನಿಜವಾಗಿತ್ತಾ?”

ಯಾದವಣ್ಣ ಬಾಗಿಲಲ್ಲಿ ನಿಂತರು. ಅಷ್ಟು ವರ್ಷದಲ್ಲಿ ಆ ಪ್ರಶ್ನೆಯನ್ನು ಅವರಿಗೆ ಯಾರೂ ಕೇಳಿರಲಿಲ್ಲವೆಂದು ಕಾಣುತ್ತದೆ.

“ಗೊತ್ತಿಲ್ಲ ಮಾರಾಯ್ತಿ,” ಎಂದರು. “ನಾನು ಮಾಡಿ ನೋಡ್ಲೇ ಇಲ್ಲ. ಈಗ ಎಪ್ಪತ್ತಾಯ್ತು.”

ಅಷ್ಟು ಹೇಳಿ ರೋಹಿದಾಸನನ್ನು ಹುಡುಕಿಕೊಂಡು ಬಂದರಿನ ಕಡೆ ನಡೆದರು.