ಮೂರು ನಿಮಿಷದ ಗೂಡು

ಒಂದು ವಿಶ್ರಾಂತಿ ಗೂಡಿಗೆ ಹನ್ನೊಂದು ಲಕ್ಷ ರೂಪಾಯಿ. ರಾಮನಗರದ ಹೊರವಲಯದ ಆ ಷರ್ಟ್ ಕಾರ್ಖಾನೆ ಅಂಥ ಎಂಟನ್ನು ಕೊಂಡಿತ್ತು. ಇನ್ನೂರ ನಲವತ್ತು ಹೆಂಗಸರು ಮೆಟ್ಟಿಲ ಮೇಲೆ ಕೂತು ಚಹಾ ಕುಡಿಯುತ್ತಿದ್ದ ಹತ್ತು ನಿಮಿಷವನ್ನು ರದ್ದು ಮಾಡಿದರೆ ಗೂಡುಗಳ ಖರ್ಚು ಎರಡೇ ವರ್ಷದಲ್ಲಿ ಹುಟ್ಟುತ್ತದೆ ಎಂದು ಮ್ಯಾನೇಜರ್ ಪ್ರಭಾಕರ್ ಲೆಕ್ಕ ತೋರಿಸಿದ್ದ. ಹೆಂಗಸರ ನೆಮ್ಮದಿಗೆ ಹೆಂಗಸರಿಂದಲೇ ವಸೂಲಿ ಮಾಡುವಷ್ಟು ಬುದ್ಧಿವಂತ.

ಯಂತ್ರದ ಕೆಲಸ ಸರಳ. ಮಣಿಕಟ್ಟಿನ ನಾಡಿಪಟ್ಟಿ ಎದೆಬಡಿತವನ್ನೂ ಬೆವರನ್ನೂ ಅಳೆಯುತ್ತದೆ. ಒತ್ತಡ ಮಿತಿ ದಾಟಿದರೆ ಹೊಲಿಗೆ ಯಂತ್ರ ತಾನಾಗಿ ನಿಲ್ಲುತ್ತದೆ. ಹೊಲಿಯುವವಳು ಹೋಗಿ ಗೂಡಿನಲ್ಲಿ ಕೂರಬೇಕು. ಬಾಗಿಲು ಮುಚ್ಚುತ್ತದೆ, ಗಂಧದ ಪರಿಮಳ ಬರುತ್ತದೆ, ಜೇನಿನಂಥ ದನಿಯೊಂದು ಉಸಿರನ್ನು ಗಮನಿಸಿ ಎನ್ನುತ್ತದೆ. ನಾಡಿ ಇಳಿಯುವ ತನಕ ಬಾಗಿಲು ತೆರೆಯದು. ಮೂರು ನಿಮಿಷ ಸಾಕೆಂದು ತಜ್ಞರ ಅಂದಾಜು. ತನ್ನದಾಗಲಿ ಕೂತವರದಾಗಲಿ, ಯಾವ ಮಾತಿನಿಂದ ನಾಡಿ ಬೇಗ ಇಳಿಯಿತೆಂದು ನೆನಪಿಟ್ಟುಕೊಂಡು ಗೂಡು ತಾನೇ ಕಲಿಯುತ್ತ ಹೋಗುತ್ತದೆ.

ಕಾಲರ್ ಹೊಲಿಯುವ ಸಾಕಮ್ಮ ಮೊದಲ ವಾರವೇ ಹದಿನೆಂಟು ನಿಮಿಷ ಒಳಗೆ ಸಿಕ್ಕಿಬಿದ್ದಳು. ಗಂಟೆಗೆ ಅರವತ್ತು ಕಾಲರ್ ಎಂಬ ಗುರಿಯನ್ನು ಯಾರೂ ಇಳಿಸಿರಲಿಲ್ಲ. ಹೊರಬಂದಾಗ ಗುರಿ ತಪ್ಪಿದ್ದಕ್ಕೆ ಮೆಮೊ ಕಾದಿತ್ತು. ಮರುವಾರ ಇನ್ನೊಂದು. ಮೂರನೆಯದಕ್ಕೆ ಕೆಲಸ ಹೋಗುತ್ತದೆ.

ಗೂಡನ್ನು ರೂಪಿಸಿದ ಡಾಕ್ಟರ್ ವೈಜಯಂತಿ ಪರಿಶೀಲನೆಗೆ ಬಂದವಳು, ಒಳಗೆ ಯಾಕೆ ಅಷ್ಟು ಹೊತ್ತಾಯಿತೆಂದು ಕೇಳಿದಳು.

"ನಾನ್ ಒಳಗ್ ಕೂತ್ರೆ ಹೊರಗೆ ಹೊಲಿಯೋ ಬಟ್ಟೆ ಬಂಡಲ್ ಬೆಳೀತಾ ಇರ್ತದೆ ಡಾಕ್ಟ್ರಮ್ಮ. ಅದೇ ಕಣ್ಮುಂದೆ ಬರ್ತದೆ."

"ಬಂಡಲ್ ಮರೆತು ಉಸಿರಿನ ಕಡೆ ಗಮನ ಕೊಡಿ."

"ಉಸಿರು ನಾನ್ ಗಮನ ಕೊಡ್ದಿದ್ರೂ ಬರ್ತದೆ. ಕಾಲರ್ ಬರಲ್ವಲ್ಲ."

ಡಾಕ್ಟರ್ ಅದನ್ನು 'ಸಹಕಾರದ ಕೊರತೆ' ಎಂದು ಬರೆದುಕೊಂಡು ಹೋದಳು.

ಮುಂದಿನ ಸಲ ಬಾಗಿಲು ಮುಚ್ಚಿದಾಗ ಸಾಕಮ್ಮ ಮೊದಲು ಚಹಾದ ಹೊತ್ತಿನಲ್ಲಿ ಮಾಡುತ್ತಿದ್ದುದನ್ನೇ ಮಾಡಿದಳು: ಪ್ರಭಾಕರನನ್ನು ಆಡಿಕೊಂಡಳು. "ಷರ್ಟ್ ಫ್ಯಾಕ್ಟ್ರಿ ಸಾಹೇಬ, ತನ್ ಗುಂಡಿ ಕಿತ್ತೋದ್ರೆ ಪಿನ್ನು ಸಿಗಿಸ್ಕೋತಾನೆ." ಹೇಳಿ ತಾನೇ ನಕ್ಕಳು. ನಾಡಿ ಸರ್ರನೆ ಇಳಿಯಿತು. ಒಂದು ನಿಮಿಷಕ್ಕೆ ಬಾಗಿಲು ತೆರೆಯಿತು. ಸಂಜೆಯೊಳಗೆ ಈ ಉಪಾಯ ಎಲ್ಲ ಲೈನಿಗೂ ಹಬ್ಬಿತು. ತಿಂಗಳೊಪ್ಪತ್ತಿನಲ್ಲಿ ಗೂಡಿಗೂ ಪಾಠ ಆಯಿತು. ಉಸಿರಿನ ಮಾತು ಬಿಟ್ಟು ಅದು ತನ್ನ ಜೇನುದನಿಯಲ್ಲಿ ಪಿನ್ನಿನ ಮಾತು ಹೇಳತೊಡಗಿತು. ಹೆಂಗಸರು ಮಾತ್ರ ಬಾಯಿ ಬಿಡಲಿಲ್ಲ.

ಮಾಲೀಕರು ನೋಡಲು ಬಂದ ದಿನ ಪ್ರಭಾಕರ್ ತಾನೇ ಪಟ್ಟಿ ಕಟ್ಟಿಕೊಂಡು ಗೂಡಿನಲ್ಲಿ ಕೂತ. ಎಲ್ಲರಿಗೂ ಕೇಳಲೆಂದು ಹೊರಗಿನ ಸ್ಪೀಕರನ್ನೂ ಹಾಕಿಸಿದ್ದ. ಮಾಲೀಕರ ಭಯಕ್ಕೆ ಅವನ ಎದೆ ಮೊದಲೇ ಹೊಡೆದುಕೊಳ್ಳುತ್ತಿತ್ತು. ಗೂಡು ತನಗೆ ಗೊತ್ತಿದ್ದ ಅತ್ಯುತ್ತಮ ಮದ್ದನ್ನೇ ಕೊಟ್ಟಿತು. ಎದೆ ಇನ್ನೂ ಜೋರಾಯಿತು. ಗೂಡು ಮದ್ದು ಹೆಚ್ಚಿಸಿತು. ನಲವತ್ತು ನಿಮಿಷ ಅವನು ಬಾಗಿಲ ಗಾಜಿಗೆ ಬಡಿಯುತ್ತಿದ್ದ, ಲೈನಿನಲ್ಲಿ ಒಂದು ತಲೆಯೂ ಮೇಲೇಳಲಿಲ್ಲ. ಭುಜಗಳು ಮಾತ್ರ ಕುಲುಕುತ್ತಿದ್ದವು.

ಆ ಮಾತು ಮೊದಲು ಯಾರದೆಂದು ಯಂತ್ರದ ದಾಖಲೆ ಹೇಳಿತು. ಸಾಕಮ್ಮನಿಗೆ ಮೂರನೆಯ ಮೆಮೊ ಬರೆಯಲು ಪ್ರಭಾಕರ್ ಕೂತ. ತಪ್ಪೇನೆಂದು ಬರೆಯಬೇಕಾದರೆ ಪಿನ್ನನ್ನೂ ಬರೆಯಬೇಕು. ಮಾಲೀಕರ ಕಿವಿಗೆ ಬಿದ್ದದ್ದು ಇನ್ನು ಅವರ ಮೇಜಿಗೂ ಹೋಗಬೇಕು. ಹಾಳೆಯನ್ನು ಮಡಚಿಟ್ಟ. ಅಂದಿನಿಂದ ಮೇಲಿನ ಕೋಣೆಯಿಂದ ಕೆಳಗಿಳಿದು ಲೈನಿನ ಬಳಿ ಬರುವುದನ್ನೂ ಬಿಟ್ಟ.

ಗುರಿಯ ಲೆಕ್ಕ ಕೇಳುತ್ತ ಬೆನ್ನ ಹಿಂದೆ ನಿಲ್ಲುವವನೇ ಬಾರದ್ದರಿಂದ ಯಾರ ನಾಡಿಯೂ ಏರಲಿಲ್ಲ. ಗೂಡುಗಳು ಖಾಲಿ ಉಳಿದವು. ಹೆಂಗಸರು ಚಹಾದ ಹೊತ್ತನ್ನು ಮರಳಿ ಕೊಡಿ ಎಂದು ಅರ್ಜಿ ಹಾಕಿದರು. ಡಾಕ್ಟರ್ ವೈಜಯಂತಿ ಅಂಕಿಅಂಶ ನೋಡಿ, ಒತ್ತಡವೇ ಇಲ್ಲದವರಿಗೆ ವಿರಾಮದ ಅಗತ್ಯವಿಲ್ಲ ಎಂದು ಷರಾ ಬರೆದಳು.

ಸಾಕಮ್ಮನ ಕೆಲಸ ಉಳಿಯಿತು. ಚಹಾದ ಹತ್ತು ನಿಮಿಷ ಹೋಯಿತು.