ಕಣ್ಣು ಮುಚ್ಚಿ ಹಿಡಿದ ಬಂದೂಕು

ಬಂದೂಕು ಮಾರುತ್ತಾ ಮೂವತ್ತು ವರ್ಷವಾಯಿತು. ಕಟ್ಟುಕಥೆ ಹೇಳುವ ಜಾಯಮಾನ ನನ್ನದಲ್ಲ.

ಬಂದೂಕು ಗಿರಾಕಿಯ ಮೈಗೆ ಹೊಂದುತ್ತದೋ ಇಲ್ಲವೋ ನೋಡಲು ನಮ್ಮ ಅಂಗಡಿಯಲ್ಲಿ ಒಂದೇ ದಾರಿ. ಖಾಲಿ ಬಂದೂಕು ಕೊಟ್ಟು, ಎದುರು ಗೋಡೆಯ ಕಪ್ಪು ಚುಕ್ಕೆ ತೋರಿಸಿ, ಕಣ್ಣು ಮುಚ್ಚಿ ಅದಕ್ಕೆ ಗುರಿ ಹಿಡಿಯಿರಿ ಅನ್ನುತ್ತೇನೆ. ಹೊಂದಿದ್ದರೆ, ಕಣ್ಣು ಬಿಟ್ಟಾಗ ನಳಿಗೆ ಚುಕ್ಕೆಯ ಮೇಲೇ ಇರುತ್ತದೆ.

ಅವತ್ತು ಮಧ್ಯಾಹ್ನ ಕಾಡಿನಲ್ಲಿ ಅಳತೆ ಮಾಡುವ ಸರ್ವೇಯರ್ ಒಬ್ಬ ಬಂದ. "ಹೋದ ವರ್ಷ ಒಂದು ಕರಡಿಗೆ ಗುಂಡು ಹೊಡೆದೆ ಯಜಮಾನ್ರೇ, ಸಾಯ್ಲಿಲ್ಲ, ಎರಡು ಕಾಲ ಮೇಲೆ ಎದ್ದು ನಿಂತ್ಕೊಳ್ತು. ಈ ಸಲ ದೊಡ್ಡದೇ ಕೊಡಿ," ಅಂದ.

ಅವನು ಕಣ್ಣು ಬಿಟ್ಟಾಗ ಮೊದಲನೇ ಬಂದೂಕು ಬಾಗಿಲ ಕಡೆ ತಿರುಗಿತ್ತು. ಇನ್ನೂ ದೊಡ್ಡದು ಕೊಟ್ಟೆ. ಅದು ಬಾಗಿಲಿಗೂ ನಮಗೂ ನಡುವಿನ ನೆಲಕ್ಕೆ ತಿರುಗಿತು. ಎಲ್ಲಕ್ಕಿಂತ ದೊಡ್ಡದು ನನ್ನ ಮೇಜಿನ ಪಕ್ಕದ ನೆಲಕ್ಕೆ. ಒದ್ದೆ ತುಪ್ಪಳದ ವಾಸನೆ ಮೂಗಿಗೆ ಬಡಿಯಿತು.

"ಯಾವುದು ಕೊಟ್ರೂ ಅಷ್ಟೇ ಅಲ್ವಾ," ಅಂದವನು ಬರಿಗೈಯಲ್ಲೇ ಹೊರಟುಹೋದ. ವಾಸನೆ ಹೋಗಲಿಲ್ಲ.

ನನ್ನ ಕೈ ಸುಮ್ಮನಿರಬೇಕಲ್ಲ! ಅವತ್ತಿನಿಂದ ದಿನಾ ಬೆಳಿಗ್ಗೆ ಅಂಗಡಿ ತೆಗೆದು ನಾನೇ ಬಂದೂಕನ್ನು ಕಣ್ಣು ಮುಚ್ಚಿ ಹಿಡಿಯುತ್ತೇನೆ. ನಿನ್ನೆಯವರೆಗೂ ನಳಿಗೆ ಮೇಜಿನ ಪಕ್ಕದ ಆ ನೆಲಕ್ಕೇ ಹೋಗುತ್ತಿತ್ತು. ಇವತ್ತು ಕಣ್ಣು ಬಿಟ್ಟರೆ, ಅದೇ ಜಾಗದಲ್ಲಿ, ನನ್ನ ತಲೆಗಿಂತ ಎರಡು ಅಡಿ ಎತ್ತರಕ್ಕೆ ಗುರಿಯಿಟ್ಟಿತ್ತು.